32 ಅಂಕ ಹಾಕಿದವನು ಸೋತ ರಾತ್ರಿ

ಪ್ರಶ್ನೆ: ಸರ್, 2016ರ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಫೈನಲ್ಸ್‌ನ ಏಳನೇ, ಅಂದರೆ ಕಪ್ ತೀರ್ಮಾನಿಸುವ ಕೊನೆಯ ಪಂದ್ಯವನ್ನು ಮೊನ್ನೆ ಮಗನ ಜೊತೆ ಕೂತು ಪೂರ್ತಿ ನೋಡಿದೆ. ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ 93, ಗೋಲ್ಡನ್ ಸ್ಟೇಟ್ ವಾರಿಯರ್ಸ್ 89. ಆಮೇಲೆ ಸ್ಕೋರ್‌ಶೀಟ್ ತೆಗೆದು ನೋಡಿದರೆ ತಲೆ ಕೆಟ್ಟಿತು. ಸೋತ ತಂಡದ ಡ್ರೇಮಂಡ್ ಗ್ರೀನ್ 32 ಅಂಕ, 15 ರೀಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿದದ್ದು), 9 ಅಸಿಸ್ಟ್ (ಬಾಸ್ಕೆಟ್‌ಗೆ ದಾರಿಯಾದ ಪಾಸ್). ಗೆದ್ದ ತಂಡದ ಲೆಬ್ರಾನ್ ಜೇಮ್ಸ್ 24 ಸಲ ಎಸೆದು 9 ಮಾತ್ರ ಹಾಕಿದ್ದಾನೆ; ಆದರೂ ಸರಣಿಶ್ರೇಷ್ಠ ಅವನೇ. ವಾರಿಯರ್ಸ್‌ನ ಸ್ಟೆಫ್ ಕರ್ರಿಯನ್ನು ಎಲ್ಲರೂ ಬೈಯುತ್ತಾರೆ. ಯಾರನ್ನು ಕೇಳಿದರೂ ಒಂದು ಬ್ಲಾಕ್ (ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆದದ್ದು), ಒಂದು ಶಾಟ್, ಅಷ್ಟೇ ಮಾತು. ನಿಜಕ್ಕೂ ಆ ದಿನ ಯಾರು ಚೆನ್ನಾಗಿ ಆಡಿದರು? ಮಗನಿಗೆ ಹದಿನೈದು ವರ್ಷ, ಶಾಲಾ ತಂಡದಲ್ಲಿ ಆಡುತ್ತಾನೆ. ಈ ಪಂದ್ಯದಲ್ಲಿ ಏನನ್ನು ನೋಡು ಅಂತ ಅವನಿಗೆ ಹೇಳಲಿ?

ಉತ್ತರ: ಸುತ್ತುಬಳಸಿ ಹೇಳುವುದಿಲ್ಲ. ಆ ಒಂದು ದಿನದ ಮಟ್ಟಿಗೆ ಕೋರ್ಟಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವನು ಗ್ರೀನ್. 15 ಎಸೆತಕ್ಕೆ 11, ಅದರೊಳಗೆ ತ್ರೀ ಪಾಯಿಂಟರ್ (ದೂರದ ಗೆರೆಯ ಹೊರಗಿಂದ ಎಸೆದು ಹಾಕುವ ಮೂರಂಕ) 8ಕ್ಕೆ 6, ಫ್ರೀ ಥ್ರೋ (ಎದುರಾಳಿಯ ಫೌಲಿಗೆ ಸಿಗುವ ಒಂದಂಕದ ಎಸೆತ) 4ಕ್ಕೆ 4. 48 ನಿಮಿಷದ ಪಂದ್ಯದಲ್ಲಿ 47 ನಿಮಿಷ ಅವನು ಕೋರ್ಟಿನಲ್ಲೇ ಇದ್ದ. ಮೊದಲರ್ಧದಲ್ಲೇ 22 ಅಂಕ ಹಾಕಿದ್ದ. ಆ ಹೊತ್ತಿಗೆ ಎಸೆದ ಐದು ತ್ರೀಗಳಲ್ಲಿ ಐದೂ ಬಿದ್ದಿದ್ದವು. ಇನ್ನೊಂದು ಅಸಿಸ್ಟ್ ಸಿಕ್ಕಿದ್ದರೆ ಟ್ರಿಪಲ್ ಡಬಲ್, ಅಂದರೆ ಮೂರರಲ್ಲೂ ಎರಡಂಕಿ. ಇದರಲ್ಲಿ ತಕರಾರು ಎತ್ತುವುದಕ್ಕೆ ಏನೂ ಇಲ್ಲ. ಆದರೆ ವಾರಿಯರ್ಸ್ ಯಾಕೆ ಸೋತರು ಅನ್ನುವುದನ್ನು ಗ್ರೀನ್ ಹೆಸರಿನ ಮುಂದಿನ ಸಾಲಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನಾನು ಹುಡುಗರಿಗೆ ಸ್ಕೋರ್‌ಶೀಟ್ ಓದುವುದನ್ನು ಕಲಿಸುವಾಗ ಹೆಸರುಗಳ ಮೇಲೆ ಒಂದು ಹಾಳೆ ಮುಚ್ಚಿ, ಕೆಳಗಿನ ಮೊತ್ತದ ಸಾಲನ್ನು ಮಾತ್ರ ತೋರಿಸುತ್ತೇನೆ. ನೀವೂ ಹಾಗೆ ಮಾಡಿ ನೋಡಿ. ವಾರಿಯರ್ಸ್ ಒಟ್ಟು 83 ಎಸೆತಕ್ಕೆ 32 ಹಾಕಿದ್ದಾರೆ, ಅದರಲ್ಲಿ ತ್ರೀ 41ಕ್ಕೆ 15. ಫ್ರೀ ಥ್ರೋ 13ಕ್ಕೆ 10. ಕ್ಯಾವಲಿಯರ್ಸ್ 82ಕ್ಕೆ 33, ತ್ರೀ 25ಕ್ಕೆ 6, ಫ್ರೀ ಥ್ರೋ 25ಕ್ಕೆ 21. ಈಗ ಬೆರಳು ಮಡಿಸಿ. ಮೂರಂಕದ ಗೆರೆಯ ಹೊರಗಿಂದ ವಾರಿಯರ್ಸ್ 45, ಕ್ಯಾವಲಿಯರ್ಸ್ ಬರೀ 18. ಇಪ್ಪತ್ತೇಳು ಅಂಕದ ಮುನ್ನಡೆ! ಇಷ್ಟು ಮುನ್ನಡೆ ಇದ್ದೂ ಸೋಲಬೇಕಾದರೆ ಗೆರೆಯ ಒಳಗೆ ಎಲ್ಲೋ ದೊಡ್ಡ ತೂತು ಬಿದ್ದಿರಬೇಕು. ಬಿದ್ದಿದೆ. ಎರಡಂಕದ ಬಾಸ್ಕೆಟ್ ಕ್ಯಾವಲಿಯರ್ಸ್‌ಗೆ 27, ವಾರಿಯರ್ಸ್‌ಗೆ 17. ಅಲ್ಲಿಗೆ ಇಪ್ಪತ್ತು ಅಂಕ ಹೋಯಿತು. ಫ್ರೀ ಥ್ರೋದಲ್ಲಿ ಇನ್ನೂ ಹನ್ನೊಂದು. ಮೂವತ್ತೊಂದರಲ್ಲಿ ಇಪ್ಪತ್ತೇಳು ಕಳೆಯಿರಿ, ಉಳಿಯುವುದು ನಾಲ್ಕು. 93-89.

ಅಂದರೆ ಪಂದ್ಯ ತೀರ್ಮಾನವಾದದ್ದು ರಿಂಗಿನ ಕೆಳಗೆ. ಕರ್ರಿ ಎಸೆದ ಹದಿನಾಲ್ಕು ತ್ರೀಗಳ ಬಗ್ಗೆ ಜನ ಇಷ್ಟು ವರ್ಷದಿಂದ ಮಾತಾಡುತ್ತಿದ್ದಾರೆ. ರಿಂಗಿನ ಕೆಳಗಿನ ಜಾಗದ ಬಗ್ಗೆ ಮಾತಾಡುವವರು ಕಡಿಮೆ.

ಆ ಜಾಗ ಯಾಕೆ ಖಾಲಿಯಾಯಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ವರ್ಷ ವಾರಿಯರ್ಸ್ ಲೀಗ್ ಹಂತದಲ್ಲಿ 73 ಗೆದ್ದು 9 ಸೋತಿದ್ದರು, ಅದು ದಾಖಲೆ. ಫೈನಲ್ಸ್‌ನಲ್ಲೂ 3-1 ಮುಂದಿದ್ದರು. ನಾಲ್ಕನೇ ಪಂದ್ಯದಲ್ಲಿ ಗ್ರೀನ್ ಮತ್ತು ಲೆಬ್ರಾನ್ ನಡುವೆ ನೂಕಾಟ ಆಯಿತು, ಗ್ರೀನ್ ಕೈ ಬೀಸಿದ. ಅವನ ಲೆಕ್ಕದಲ್ಲಿ ಫ್ಲೇಗ್ರೆಂಟ್ ಫೌಲ್‌ಗಳು (ಮಿತಿಮೀರಿದ ಒರಟಾಟದ ಫೌಲ್) ಆಗಲೇ ಸೇರಿಕೊಂಡಿದ್ದವು, ಇದೂ ಸೇರಿ ಐದನೇ ಪಂದ್ಯಕ್ಕೆ ಅಮಾನತಾದ. ಆ ಪಂದ್ಯದಲ್ಲಿ ಲೆಬ್ರಾನ್ 41 ಅಂಕ, ಅವನ ಜೊತೆಗಾರ ಕೈರಿ ಇರ್ವಿಂಗ್ 41. ಅದೇ ದಿನ ವಾರಿಯರ್ಸ್‌ನ ಏಳಡಿ ಸೆಂಟರ್ ಆಂಡ್ರೂ ಬೋಗಟ್ ಮಂಡಿಗೆ ಪೆಟ್ಟು ಮಾಡಿಕೊಂಡು ಸರಣಿಯಿಂದಲೇ ಹೊರಬಿದ್ದ. ಗ್ರೀನ್ ಆರನೇ ಪಂದ್ಯಕ್ಕೆ ವಾಪಸ್ ಬಂದ, ಬೋಗಟ್ ಬರಲಿಲ್ಲ. ಅಮಾನತಿನ ಕಥೆ ಎಲ್ಲರಿಗೂ ನೆನಪಿದೆ. ನನ್ನ ಪ್ರಕಾರ ಏಳನೇ ಪಂದ್ಯಕ್ಕೆ ಹೆಚ್ಚು ಹೊಡೆತ ಕೊಟ್ಟದ್ದು ಬೋಗಟ್‌ನ ಮಂಡಿ.

ಬೋಗಟ್ ಇಲ್ಲ ಅಂದರೆ ಒಳಗೆ ನುಗ್ಗಿ ಬರುವವನ ಎದುರಿಗೆ ನಿಲ್ಲಲು ದೊಡ್ಡಾಳು ಇಲ್ಲ. ಗ್ರೀನ್ ಆರಡಿ ಆರಿಂಚು. ಎದೆಗಾರಿಕೆ ಎಷ್ಟಿದ್ದರೂ 47 ನಿಮಿಷ ಆಕ್ರಮಣವನ್ನೂ ಎಳೆದು ರಿಂಗನ್ನೂ ಒಬ್ಬನೇ ಕಾಯುವುದು ಆಗದ ಕೆಲಸ. ಕೋಚ್ ಸ್ಟೀವ್ ಕರ್ ಏಳನೇ ಪಂದ್ಯಕ್ಕೆ ಫೆಸ್ಟಸ್ ಎಜೀಲಿಯನ್ನು ಸೆಂಟರ್ ಆಗಿ ಇಳಿಸಿದರು. ಎಜೀಲಿ ನಾಲ್ಕು ಎಸೆದ, ಒಂದೂ ಬೀಳಲಿಲ್ಲ. ನಡುವೆ ಆಂಡರ್ಸನ್ ವರೆಜಾವ್ ಬಂದು ಒಂದು ಅಂಕ ಹಾಕಿ ಹೋದ. ಈ ವರೆಜಾವ್ ಅದೇ ಸೀಸನ್ನಿನ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದವನು, ಫೆಬ್ರುವರಿಯಲ್ಲಿ ಅವನನ್ನು ಬಿಟ್ಟುಕೊಟ್ಟಿದ್ದರು. ಹಳೇ ತಂಡ ಕಪ್ ಎತ್ತುವುದನ್ನು ಎದುರು ಬೆಂಚಿನಲ್ಲಿ ಕೂತು ನೋಡಬೇಕಾಯಿತು ಪಾಪ.

ಈಗ ನಾಲ್ಕನೇ ಕ್ವಾರ್ಟರಿಗೆ ಬರೋಣ. ಮೂರು ಕ್ವಾರ್ಟರ್ ಮುಗಿದಾಗ ವಾರಿಯರ್ಸ್ 76-75. ಕಡೇ ಹನ್ನೆರಡು ನಿಮಿಷದಲ್ಲಿ ಕ್ಯಾವಲಿಯರ್ಸ್ ಹಾಕಿದ್ದು 18, ವಾರಿಯರ್ಸ್ 13. ಇಷ್ಟು ಕಡಿಮೆ ಅಂಕ ನೋಡಿ ಕೆಲವರು ಇಬ್ಬರೂ ಹೆದರಿ ಆಡಿದರು ಅನ್ನುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಒಂದೇ ತಂಡದ ಜೊತೆ ಎರಡೂವರೆ ವಾರದಲ್ಲಿ ಏಳನೇ ಸಲ ಆಡುವಾಗ ಎದುರಾಳಿಯ ಪ್ರತಿಯೊಂದು ಪ್ಲೇ ಬಾಯಿಪಾಠ ಆಗಿರುತ್ತದೆ. ಕೋಚ್ ಕೈ ಎತ್ತಿ ಸನ್ನೆ ಮಾಡುವಷ್ಟರಲ್ಲಿ ಎದುರಿನವನು ಹೋಗಿ ಆ ಜಾಗದಲ್ಲಿ ನಿಂತಿರುತ್ತಾನೆ. ಜೊತೆಗೆ ಕಾಲು ಸೋತಿರುತ್ತದೆ. ಎಸೆತ ಮೋಟಾಗುತ್ತದೆ, ರಿಂಗಿನ ಮುಂಭಾಗಕ್ಕೆ ತಾಗಿ ಬೀಳುತ್ತದೆ.

ಐದೂವರೆ ನಿಮಿಷ ಚಿಲ್ಲರೆ ಉಳಿದಿದ್ದಾಗ ವಾರಿಯರ್ಸ್ 87-83 ಮುಂದೆ. ಆ ಹೊತ್ತಿಗೆ ಎಜೀಲಿ ಮತ್ತೆ ಕೋರ್ಟಿನಲ್ಲಿದ್ದ. ಕರ್ ಯಾಕೆ ಅವನನ್ನು ಇಳಿಸಿದರು? ಕ್ಯಾವಲಿಯರ್ಸ್‌ನ ಟ್ರಿಸ್ಟನ್ ಥಾಂಪ್ಸನ್‌ಗೆ ರೀಬೌಂಡ್ ಬಿಟ್ಟುಕೊಡಬಾರದು, ಗ್ರೀನ್‌ಗೂ ಸ್ವಲ್ಪ ಉಸಿರಾಡಲು ಬಿಡಬೇಕು ಅಂತ ಇರಬಹುದು, ಇದು ನನ್ನ ಊಹೆ. ಕ್ಯಾವಲಿಯರ್ಸ್ ಅದನ್ನು ಎರಡೇ ಸಲ ಬಳಸಿಕೊಂಡರು, ಅಷ್ಟೇ ಸಾಕಾಯಿತು. ಸ್ಕ್ರೀನ್ ಹಾಕಿಸಿ (ಜೊತೆಯವನನ್ನು ಡಿಫೆಂಡರ್‌ಗೆ ಅಡ್ಡ ನಿಲ್ಲಿಸಿ) ಎಜೀಲಿ ತನ್ನೆದುರಿಗೆ ಬಂದು ನಿಲ್ಲುವಂತೆ ಲೆಬ್ರಾನ್ ಮಾಡಿಕೊಂಡ. ಮೊದಲ ಸಲ ಗೆರೆಯ ಹೊರಗೆ ನಿಂತು ಎಸೆಯುವ ಹಾಗೆ ಮೈ ಎತ್ತಿದ; ಎಜೀಲಿ ಹಾರಿದ, ಮೈಗೆ ಮೈ ತಾಗಿತು, ಮೂರು ಫ್ರೀ ಥ್ರೋ. ಮೂರೂ ಬಿದ್ದವು. ನಡುವೆ ಕರ್ರಿ ಬೆನ್ನ ಹಿಂದಿನಿಂದ ತನ್ನ ತಂಡದ ಕ್ಲೇ ಥಾಂಪ್ಸನ್‌ಗೆ ಕೊಟ್ಟ ಪಾಸು ಸೀದಾ ಹೊರಗೆ ಹೋಯಿತು. ಎರಡನೇ ಸಲ ಲೆಬ್ರಾನ್ ನಿಜವಾಗಿಯೇ ಎಸೆದ. ಒಮ್ಮೆ ಮೋಸ ಹೋದ ಎಜೀಲಿಗೆ ಈ ಸಲ ಹಾರುವುದೋ ಬಿಡುವುದೋ ಗೊತ್ತಾಗಲಿಲ್ಲ. ಲೆಬ್ರಾನ್ ಆ ದಿನ ಎಸೆದ ಐದು ತ್ರೀಗಳಲ್ಲಿ ಬಿದ್ದದ್ದು ಅದೊಂದೇ. ವಾರಿಯರ್ಸ್ 87-83 ಮುಂದಿದ್ದದ್ದು ಹೋಗಿ ಕ್ಯಾವಲಿಯರ್ಸ್ 89-87 ಮುಂದಾಯಿತು.

ಲೆಬ್ರಾನ್ 24ಕ್ಕೆ 9 ಅಂತ ನೀವು ಬರೆದಿರಲ್ಲ, ಆ 9ರೊಳಗೆ ಇದೂ ಒಂದು. ಎಜೀಲಿಯನ್ನು ಹಾರಿಸಿ ಪಡೆದ ಮೂರು ಅಂಕ ಆ ಲೆಕ್ಕಕ್ಕೆ ಬರುವುದೇ ಇಲ್ಲ, ಯಾಕೆಂದರೆ ಫೌಲ್ ಆದ ಎಸೆತ ಬೀಳದಿದ್ದರೆ ಅದನ್ನು ಎಸೆತ ಅಂತ ಬರೆದುಕೊಳ್ಳುವುದಿಲ್ಲ. ಕ್ಯಾವಲಿಯರ್ಸ್ ಹಾಕಿದ 33 ಬಾಸ್ಕೆಟ್‌ಗಳಲ್ಲಿ 9 ಅವನದೇ, ಇನ್ನು 11 ಅವನ ಪಾಸಿನಿಂದ. ಮೂರರಲ್ಲಿ ಎರಡಕ್ಕೆ ಹತ್ತಿರ ಆಯಿತು. ಕಡೇ ಕ್ವಾರ್ಟರಿನ 18ರಲ್ಲಿ 11 ಅವನದು. ಒಟ್ಟು 27 ಅಂಕ, 11 ರೀಬೌಂಡ್, 11 ಅಸಿಸ್ಟ್, 3 ಬ್ಲಾಕ್. ಚೆಂಡು ಕಳೆದುಕೊಂಡದ್ದೂ ಐದು ಸಲ ಇದೆ, ಅದನ್ನು ಮುಚ್ಚಿಡುವುದು ಬೇಡ. ಚಂದದ ಆಟ ಅಲ್ಲ ಅದು. ಮೊದಲರ್ಧದಲ್ಲಂತೂ ಕ್ಯಾವಲಿಯರ್ಸ್ ಇಡೀ ತಂಡ 14 ತ್ರೀ ಎಸೆದು ಒಂದೇ ಒಂದು ಹಾಕಿತ್ತು, ಅದೂ ಇಮಾನ್ ಷಂಪರ್ಟ್‌ದು. ಬ್ರೇಕ್ ಆಗಿ ಬಂದಮೇಲೆ ಜೆ.ಆರ್. ಸ್ಮಿತ್ ಮೂರನೇ ಕ್ವಾರ್ಟರಿನ ಆರಂಭದಲ್ಲಿ ಹೊಡೆದ ತ್ರೀಗಳು ಇಲ್ಲದೇ ಹೋಗಿದ್ದರೆ ಪಂದ್ಯ ಅಲ್ಲೇ ಕೈಬಿಟ್ಟು ಹೋಗುತ್ತಿತ್ತು.

ಸರಣಿಶ್ರೇಷ್ಠ ಪ್ರಶಸ್ತಿಯ ವಿಷಯ ಸರಳ. ಅದು ಏಳು ಪಂದ್ಯಕ್ಕೆ ಕೊಡುವುದು, ಏಳನೆಯದಕ್ಕೆ ಮಾತ್ರ ಅಲ್ಲ. ಆ ಸರಣಿಯಲ್ಲಿ ಅಂಕ, ರೀಬೌಂಡ್, ಅಸಿಸ್ಟ್, ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು), ಬ್ಲಾಕ್ ಐದರಲ್ಲೂ ಎರಡೂ ತಂಡ ಸೇರಿಸಿ ಮೊದಲು ನಿಂತವನು ಲೆಬ್ರಾನ್. ಐದು ಮತ್ತು ಆರನೇ ಪಂದ್ಯ ಎರಡರಲ್ಲೂ 41. ಪ್ರಶಸ್ತಿಗೆ ಮತ ಹಾಕಿದವರೆಲ್ಲ ಅವನ ಹೆಸರನ್ನೇ ಬರೆದರು. ಇಲ್ಲಿಗೆ ಆ ವಾದ ಬಿಡಿ.

89-87 ಆದಮೇಲೆ ಕ್ಲೇ ಥಾಂಪ್ಸನ್ ಒಂದು ಲೇಅಪ್ ಹಾಕಿದ, 89-89. ಗಡಿಯಾರದಲ್ಲಿ 4 ನಿಮಿಷ 39 ಸೆಕೆಂಡ್. ಇಲ್ಲೊಂದು ಸ್ವಾರಸ್ಯ ಇದೆ. ಮೊದಲ ಆರು ಪಂದ್ಯದ ಅಂಕಗಳನ್ನು ಕೂಡಿದರೆ ಎರಡೂ ತಂಡಕ್ಕೆ 610, 610. ಇದನ್ನೂ ಸೇರಿಸಿದರೆ 699, 699. ಏಳನೇ ಪಂದ್ಯದ ಕೊನೆಯ ಐದು ನಿಮಿಷದಲ್ಲಿ ನಿಂತು ತಿರುಗಿ ನೋಡಿದರೂ ಯಾರೂ ಒಂದು ಅಂಕ ಮುಂದಿಲ್ಲ! ಅಲ್ಲಿಂದ 53 ಸೆಕೆಂಡ್ ಉಳಿಯುವ ತನಕ ಯಾರಿಗೂ ಒಂದು ಅಂಕವೂ ಬರಲಿಲ್ಲ. ಮೂರು ಮುಕ್ಕಾಲು ನಿಮಿಷ. ವಾರಿಯರ್ಸ್‌ಗಂತೂ ಕಡೆಯವರೆಗೂ ಮತ್ತೆ ಒಂದೂ ಬೀಳಲಿಲ್ಲ.

ಬ್ಲಾಕ್ ಬಂದದ್ದು ಈ ಬರಗಾಲದ ನಡುವೆ. ಎಲ್ಲರೂ ಲೆಬ್ರಾನ್ ಓಡಿ ಬಂದದ್ದನ್ನು ಹೇಳುತ್ತಾರೆ, ಅದು ಹೇಳಬೇಕಾದದ್ದೇ. ಆದರೆ ಅದನ್ನು ನಿಧಾನಗತಿಯಲ್ಲಿ ನೋಡುವಾಗ ಲೆಬ್ರಾನ್‌ನನ್ನು ಒಮ್ಮೆ ಬಿಟ್ಟುಬಿಡಿ. ಇರ್ವಿಂಗ್ ಎಸೆದದ್ದು ತಪ್ಪಿತು. ವಾರಿಯರ್ಸ್‌ನ ಆಂಡ್ರೆ ಇಗ್ವಾಡಾಲ ರೀಬೌಂಡ್ ಹಿಡಿದು ಕರ್ರಿಗೆ ಕೊಟ್ಟು ಓಡಿದ. ಕರ್ರಿ ನೆಲಕ್ಕೆ ಬಡಿದು ವಾಪಸ್ ಕೊಟ್ಟ. ಮುಂದೆ ಇದ್ದವನು ಜೆ.ಆರ್. ಸ್ಮಿತ್ ಒಬ್ಬನೇ. ಇಬ್ಬರು ಬರುತ್ತಿದ್ದಾರೆ, ತಡೆಯುವವನು ಒಬ್ಬ. ಇಂಥ ಕಡೆ ನಮ್ಮ ಹುಡುಗರು ನೂರಕ್ಕೆ ತೊಂಬತ್ತು ಸಲ ಚೆಂಡಿಗೆ ಕೈ ಹಾಕಿ ಫೌಲ್ ಮಾಡುತ್ತಾರೆ. ಸ್ಮಿತ್ ಹಾಕಲಿಲ್ಲ. ದೇಹ ಅಡ್ಡ ತಂದು, ಕೈ ಮೇಲಿಟ್ಟುಕೊಂಡು ಹಾರಿದ. ಅವನನ್ನು ತಪ್ಪಿಸಲು ಇಗ್ವಾಡಾಲ ಗಾಳಿಯಲ್ಲಿ ಚೆಂಡನ್ನು ಒಮ್ಮೆ ಒಳಕ್ಕೆಳೆದುಕೊಂಡು ಮತ್ತೆ ಮೇಲೆತ್ತಬೇಕಾಯಿತು. ರೆಪ್ಪೆ ಬಡಿಯುವಷ್ಟು ತಡ. ಅಷ್ಟರಲ್ಲಿ ಹಿಂದಿನಿಂದ ಬಂದ ಲೆಬ್ರಾನ್ ಚೆಂಡನ್ನು ಬೋರ್ಡಿಗೆ ಅದುಮಿದ. ಚೆಂಡು ಬೋರ್ಡಿಗೆ ಮೊದಲು ತಾಗಿ ಆಮೇಲೆ ಕೈ ತಾಗಿದ್ದರೆ ಅದು ಗೋಲ್‌ಟೆಂಡಿಂಗ್ ಅನ್ನುವ ತಪ್ಪು, ಎರಡಂಕ ವಾರಿಯರ್ಸ್‌ಗೆ. 1 ನಿಮಿಷ 50 ಸೆಕೆಂಡ್ ಉಳಿದಿತ್ತು, 89-89 ಹಾಗೇ ಉಳಿಯಿತು.

ಸ್ಕೋರ್‌ಶೀಟಿನಲ್ಲಿ ಲೆಬ್ರಾನ್ ಮುಂದೆ ಒಂದು ಬ್ಲಾಕ್ ಬರೆದಿದ್ದಾರೆ. ಸ್ಮಿತ್ ಮುಂದೆ ಏನೂ ಇಲ್ಲ. ಮಾಡದೇ ಇದ್ದ ಫೌಲಿಗೆ ಸ್ಕೋರ್‌ಶೀಟಿನಲ್ಲಿ ಕಾಲಂ ಇಲ್ಲವಲ್ಲ.

ಈ ಕಾಲಂ ವಿಷಯದಲ್ಲಿ ನನಗೇ ಒಂದು ಸಲ ಕಪಾಳಕ್ಕೆ ಹೊಡೆದ ಹಾಗಾಗಿತ್ತು. ವರ್ಷಗಳ ಹಿಂದೆ ಒಂದು ಕಾಲೇಜು ಫೈನಲ್ಸ್‌ನಲ್ಲಿ ನನ್ನ ತಂಡದ ಹುಡುಗನೊಬ್ಬ ತಂಡದ ಅರ್ಧದಷ್ಟು ಅಂಕ ಒಬ್ಬನೇ ಹಾಕಿದ, ನಾವು ಮೂರು ಅಂಕದಲ್ಲಿ ಸೋತೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರೂ ಅವನನ್ನು ಸಮಾಧಾನ ಮಾಡಿದರು, ಮಿಕ್ಕವರು ತಲೆ ತಗ್ಗಿಸಿ ಕೂತಿದ್ದರು. ನಾನೂ ಮಿಕ್ಕವರಿಗೇ ಬೈದೆ. ರಾತ್ರಿ ಮನೆಗೆ ಬಂದು ಎದುರು ತಂಡದ ಸಾಲು ಓದಿದಾಗ ಕಂಡದ್ದು ಬೇರೆ. ದ್ವಿತೀಯಾರ್ಧದಲ್ಲಿ ನಮ್ಮ ವಿರುದ್ಧ ಅತಿ ಹೆಚ್ಚು ಅಂಕ ಹಾಕಿದವನು ಯಾರು ಅಂದರೆ, ನಮ್ಮ ಆ ಹೀರೋ ಮಾರ್ಕ್ ಮಾಡಬೇಕಾಗಿದ್ದ ಹುಡುಗ. ಡಿಫೆನ್ಸಿಗೆ ಕಾಲು ಉಳಿಸಿಕೊಂಡಿರಲಿಲ್ಲ ಅವನು, ಅದನ್ನು ಗಮನಿಸಿ ಅವನಿಗೆ ಉಸಿರಾಡಲು ಐದು ನಿಮಿಷ ಕೊಡಬೇಕಾದವನು ನಾನು. ಮರುದಿನ ಪ್ರಾಕ್ಟೀಸಿನಲ್ಲಿ ಮಿಕ್ಕ ಹುಡುಗರ ಮುಖ ನೋಡಲು ಕಷ್ಟವಾಯಿತು.

ಇದನ್ನು ಗ್ರೀನ್‌ಗೆ ಅಂಟಿಸಬೇಡಿ, ಅವನು ಡಿಫೆನ್ಸಿನಲ್ಲೂ ಕೊರತೆ ಮಾಡಲಿಲ್ಲ. ಅವನ ಪಕ್ಕದಲ್ಲಿದ್ದವರ ಕಡೆ ನೋಡಿ. ಹ್ಯಾರಿಸನ್ ಬಾರ್ನ್ಸ್ ಏಳನೇ ಪಂದ್ಯದಲ್ಲಿ 10ಕ್ಕೆ 3. ಅದಕ್ಕೂ ಹಿಂದಿನ ಎರಡು ಪಂದ್ಯ ಸೇರಿಸಿದರೆ 32ಕ್ಕೆ 5. ಇದರಿಂದ ಹೋದದ್ದು ಬಾರ್ನ್ಸ್ ಹಾಕಬೇಕಾಗಿದ್ದ ಅಂಕ ಮಾತ್ರ ಅಂದುಕೊಳ್ಳಬೇಡಿ. ಅವನಿಗೆ ಬೀಳುತ್ತಿಲ್ಲ ಅಂತ ಗೊತ್ತಾದ ಕೂಡಲೇ ಕ್ಯಾವಲಿಯರ್ಸ್ ಅವನನ್ನು ಬಿಟ್ಟು ನಾಲ್ಕು ಹೆಜ್ಜೆ ಒಳಗೆ ನಿಲ್ಲತೊಡಗಿದರು. ಕರ್ರಿ ನುಗ್ಗಬೇಕಾದ ದಾರಿಯಲ್ಲಿ ಒಬ್ಬ ಆಳು ಹೆಚ್ಚಾಗಿ ನಿಂತ ಹಾಗಾಯಿತು. ವಾರಿಯರ್ಸ್‌ಗೆ ಎರಡಂಕದ ಬಾಸ್ಕೆಟ್ ಬರೀ 17 ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ. ಕ್ಲೇ ಥಾಂಪ್ಸನ್ ತ್ರೀ 10ಕ್ಕೆ 2; ಅವನದನ್ನು ಯಾರೂ ಎತ್ತುವುದಿಲ್ಲ, ಎಲ್ಲವೂ ಕರ್ರಿಯ ತಲೆಗೆ.

ಕರ್ರಿ ಚೆನ್ನಾಗಿ ಆಡಲಿಲ್ಲ, ಅದನ್ನು ಒಪ್ಪಿಕೊಂಡುಬಿಡೋಣ. 19ಕ್ಕೆ 6, ತ್ರೀ 14ಕ್ಕೆ 4, 17 ಅಂಕ, ಅಸಿಸ್ಟ್ ಎರಡೇ, ಟರ್ನೋವರ್ (ಚೆಂಡು ಕಳೆದುಕೊಂಡದ್ದು) ನಾಲ್ಕು. ಆ ವರ್ಷ 402 ತ್ರೀ ಹಾಕಿ, ಒಂದು ಮತವೂ ಬೇರೆಯವರಿಗೆ ಹೋಗದಂತೆ ಲೀಗಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡವನು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹ್ಯೂಸ್ಟನ್‌ನಲ್ಲಿ ಮಂಡಿ ಉಳುಕಿತ್ತು. ಅದನ್ನೇ ನೆಪ ಹೇಳುವುದಿಲ್ಲ, ಆದರೆ ಎದುರಾಳಿಗಳು ಅವನನ್ನು ಎಷ್ಟು ಹಣ್ಣು ಮಾಡಿದರು ಅನ್ನುವುದನ್ನು ಗಮನಿಸಬೇಕು. ಕರ್ರಿ ಯಾರನ್ನು ಮಾರ್ಕ್ ಮಾಡುತ್ತಾನೋ ಅವನನ್ನೇ ಕರೆದು ಸ್ಕ್ರೀನ್ ಹಾಕಿಸುವುದು, ಕರ್ರಿ ಬಂದು ಲೆಬ್ರಾನ್ ಅಥವಾ ಇರ್ವಿಂಗ್ ಎದುರು ನಿಲ್ಲುವಂತೆ ಮಾಡುವುದು, ಸರಣಿಯುದ್ದಕ್ಕೂ ಇದೇ. ಪ್ರತಿ ಸಲ ಡಿಫೆನ್ಸಿನಲ್ಲಿ ಬಡಿದಾಡಿ ಬಂದವನು ಮೂವತ್ತು ಸೆಕೆಂಡಿನಲ್ಲಿ ಆ ಕಡೆ ಹೋಗಿ ತ್ರೀ ಎಸೆಯಬೇಕು. ಬೆನ್ನ ಹಿಂದಿನ ಆ ಪಾಸಿಗೆ ಮಾತ್ರ ಕ್ಷಮೆ ಇಲ್ಲ. ಅದು ದಣಿವಲ್ಲ, ಗರ್ವ.

ಎಲ್ಲರೂ ಹೇಳುವ ಆ ಒಂದು ಶಾಟ್, ಇರ್ವಿಂಗ್‌ನ ತ್ರೀ, ಬಂದದ್ದೂ ಅದೇ ಉಪಾಯದಿಂದ. ಅವನನ್ನು ಕಾಯುತ್ತಿದ್ದವನು ಕ್ಲೇ ಥಾಂಪ್ಸನ್, ಒಳ್ಳೇ ಡಿಫೆಂಡರ್. ಕ್ಯಾವಲಿಯರ್ಸ್ ಕೋಚ್ ಟೈರನ್ ಲೂ ಟೈಮ್ ಔಟ್ ತೆಗೆದುಕೊಂಡರು, ಆಮೇಲೆ ಸ್ಮಿತ್ ಬಂದು ಸ್ಕ್ರೀನ್ ಹಾಕಿದ, ಸ್ಮಿತ್ ಜೊತೆಗಿದ್ದ ಕರ್ರಿ ಇರ್ವಿಂಗ್ ಪಾಲಿಗೆ ಬಂದ. ಇರ್ವಿಂಗ್ ಚೆಂಡು ಬಡಿಯುತ್ತಾ ಬಲಕ್ಕೆ ಒಂದು ಹೆಜ್ಜೆ ಸರಿದು, ಗೆರೆಯ ಹೊರಗಿಂದಲೇ ಕರ್ರಿಯ ಕೈ ಮೇಲಿನಿಂದ ಎಸೆದ. 53 ಸೆಕೆಂಡ್ ಉಳಿದಿತ್ತು, 92-89. ಅಂಥ ಶಾಟ್ ನನ್ನ ತಂಡದ ಹುಡುಗ ಎಸೆದಿದ್ದರೆ ಕೈಯಲ್ಲಿದ್ದ ಬೋರ್ಡ್ ನೆಲಕ್ಕೆ ಕುಕ್ಕುತ್ತಿದ್ದೆ, ಸುಳ್ಳು ಹೇಳಲಾರೆ. ಬಿದ್ದಮೇಲೆ ಎಲ್ಲ ಶಾಟೂ ಒಳ್ಳೇ ಶಾಟೇ. ಇರ್ವಿಂಗ್ 23ಕ್ಕೆ 10 ಹಾಕಿ 26 ಅಂಕ ಗಳಿಸಿದ. ಇಡೀ ಪಂದ್ಯಕ್ಕೆ ಅಸಿಸ್ಟ್ ಒಂದೇ ಒಂದು. ಬೇರೆ ದಿನವಾಗಿದ್ದರೆ ಪಾಸ್ ಕೊಡಲಿಲ್ಲ ಅಂತ ಇದೇ ಜನ ಬೈಯುತ್ತಿದ್ದರು. ಆದರೆ ಆ ಮೂರು ಮುಕ್ಕಾಲು ನಿಮಿಷ ಪಾಸ್ ಮಾಡಿ ಆಡಿದವರಿಗೂ ಏನೂ ಸಿಕ್ಕಿರಲಿಲ್ಲ. ಎಲ್ಲ ದಾರಿ ಮುಚ್ಚಿದಾಗ ಒಬ್ಬೊಬ್ಬರೇ ಎದುರಾಗಿ ಆಡಿ ಗೆಲ್ಲುವವನು ಬೇಕಾಗುತ್ತದೆ, ಅವರ ಹತ್ತಿರ ಅವನಿದ್ದ.

ಈಗ ನಾನು ಕಾಯುತ್ತಿದ್ದ ಜಾಗ. ಮೂರು ಅಂಕ ಹಿಂದೆ ಬಿದ್ದ ವಾರಿಯರ್ಸ್ ಅದೇ ಔಷಧಿಯನ್ನು ಕ್ಲೀವ್‌ಲ್ಯಾಂಡ್‌ಗೆ ತಿರುಗಿಸಿ ಕುಡಿಸಲು ನೋಡಿದರು. ಗ್ರೀನ್ ಸ್ಕ್ರೀನ್ ಹಾಕಿದ, ಕೆವಿನ್ ಲವ್ ಬಂದು ಕರ್ರಿಯ ಎದುರು ನಿಲ್ಲಬೇಕಾಯಿತು. ಲವ್ ಯಾರು ಅಂತ ನಿಮಗೆ ಗೊತ್ತಿದೆ: ದೊಡ್ಡ ಮೈ, ನಿಧಾನದ ಕಾಲು, ರೀಬೌಂಡ್ ಹಿಡಿಯುವವನು, ಹೊರಗಿಂದ ಎಸೆಯುವವನು. ಡಿಫೆನ್ಸಿಗೆ ಆಗುವುದಿಲ್ಲ ಅಂತ ಊರೆಲ್ಲ ಹೇಳಿ ಹೇಳಿ ಅವನಿಗೆ ಹಣೆಪಟ್ಟಿ ಕಟ್ಟಿತ್ತು. ಹಿಂದಿನ ವರ್ಷ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಭುಜ ಜಾರಿ ಫೈನಲ್ಸ್ ಆಡಲಿಕ್ಕಾಗಿರಲಿಲ್ಲ. ಈ ಸಲ ಎರಡನೇ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಮೂರನೆಯದನ್ನು ತಪ್ಪಿಸಿಕೊಂಡ. ನಾಲ್ಕನೆಯದಕ್ಕೆ ಬಂದಾಗ ಬೆಂಚಿನಲ್ಲಿ ಕೂರಿಸಿದ್ದರು. ಅವನಿಲ್ಲದೆ ತಂಡ ಚೆನ್ನಾಗಿ ಆಡುತ್ತದೆ ಅಂತಲೂ ಜನ ಆಡಿಕೊಂಡಾಗಿತ್ತು.

ಅಂಥವನ ಎದುರಿಗೆ ಆ ಕಾಲದ ಅತಿ ದೊಡ್ಡ ಶೂಟರ್, ಫೈನಲ್ಸ್‌ನ ಕೊನೆಯ ನಿಮಿಷ, ಆಚೀಚೆ ಓಕ್‌ಲ್ಯಾಂಡ್ ಮೈದಾನ ತುಂಬ ಕರ್ರಿಯ ಊರಿನವರೇ. ಕರ್ರಿ ಎಡಕ್ಕೆ ಆಡಿಸಿದ, ಬಲಕ್ಕೆ ಆಡಿಸಿದ, ಕಾಲ ನಡುವಿನಿಂದ ಚೆಂಡು ತೆಗೆದ. ಗ್ರೀನ್‌ಗೆ ಕೊಟ್ಟು ವಾಪಸ್ ತೆಗೆದುಕೊಂಡ, ಮತ್ತೆ ಶುರು. ಲವ್ ಹಾರಲಿಲ್ಲ. ಕೈ ಚಾಚಿ ಚೆಂಡು ಕಸಿಯಲು ಹೋಗಲಿಲ್ಲ. ಮಂಡಿ ಬಗ್ಗಿಸಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಸರಿಯುತ್ತಾ ಕರ್ರಿಗೂ ತನಗೂ ಒಂದು ತೋಳಿನ ಅಂತರ ಉಳಿಸಿಕೊಂಡ. ಎರಡಂಕಕ್ಕೆ ನುಗ್ಗಬೇಕೆಂದರೆ ದಾರಿ ಇತ್ತೇನೋ. ಕರ್ರಿಗೆ ಬೇಕಾದದ್ದು ತ್ರೀ, ಅದಕ್ಕೆ ಬೇಕಾದ ಅರ್ಧ ಅಡಿ ಜಾಗ ಮಾತ್ರ ಸಿಗಲಿಲ್ಲ. ಕೊನೆಗೆ ಲವ್‌ನ ಕೈ ಮೇಲಿನಿಂದಲೇ ಎಸೆದ. ಬೀಳಲಿಲ್ಲ. ಆಮೇಲೆ ಲೆಬ್ರಾನ್ ಡಂಕ್‌ಗೆ ಹೋದಾಗ ಗ್ರೀನ್ ಫೌಲ್ ಮಾಡಿದ, ಲೆಬ್ರಾನ್ ಮಣಿಕಟ್ಟಿನ ಮೇಲೆ ಬಿದ್ದು ಎದ್ದು, 10.6 ಸೆಕೆಂಡ್ ಉಳಿದಿದ್ದಾಗ ಎರಡು ಫ್ರೀ ಥ್ರೋಗಳಲ್ಲಿ ಒಂದು ಹಾಕಿದ. 93-89. ಯಾವ ದೊಡ್ಡ ಕ್ರೀಡೆಯಲ್ಲೂ 1964ರಿಂದ ಕಪ್ ಕಾಣದ ಊರು ಅದು. 3-1 ಹಿಂದಿದ್ದು ಫೈನಲ್ಸ್ ಗೆದ್ದ ಮೊದಲ ತಂಡವೂ ಅದೇ.

ಲವ್ ಆ ದಿನ 9ಕ್ಕೆ 3 ಹಾಕಿ 9 ಅಂಕ ಗಳಿಸಿದ, ರೀಬೌಂಡ್ 14. ಅವನು ಕೋರ್ಟಿನಲ್ಲಿದ್ದ ಹೊತ್ತಿನಲ್ಲಿ ಕ್ಯಾವಲಿಯರ್ಸ್ 19 ಅಂಕ ಮುಂದಿತ್ತು. ಆ ಪ್ಲಸ್ ಮೈನಸ್ ಲೆಕ್ಕವನ್ನು ಒಂದೇ ಪಂದ್ಯದಲ್ಲಿ ಹೆಚ್ಚು ನಂಬಬಾರದು, ಪಕ್ಕದಲ್ಲಿ ಯಾರಿದ್ದರು ಅನ್ನುವುದರ ಮೇಲೆ ಅದು ಏರುಪೇರಾಗುತ್ತದೆ. ಆದರೂ ನಾಲ್ಕು ಅಂಕದಲ್ಲಿ ಮುಗಿದ ಪಂದ್ಯದಲ್ಲಿ 19 ಅಂದರೆ ತಳ್ಳಿಹಾಕುವ ಸಂಖ್ಯೆ ಅಲ್ಲ.

ನೀವು ಯಾರು ಚೆನ್ನಾಗಿ ಆಡಿದರು ಅಂತ ಕೇಳಿದ್ದಕ್ಕೆ ನನ್ನ ಪಟ್ಟಿ ಹೀಗೆ: ಗ್ರೀನ್ ಮೊದಲು, ಲೆಬ್ರಾನ್ ಕೂದಲೆಳೆಯಷ್ಟು ಹಿಂದೆ, ಮೂರನೆಯದಕ್ಕೆ ಇರ್ವಿಂಗ್ ಬದಲು ಲವ್. ಇರ್ವಿಂಗ್ ಅಭಿಮಾನಿಗಳು ಬಂದು ಜಗಳ ಆಡಲಿ, ಪರವಾಗಿಲ್ಲ.

ಮಗನ ವಿಷಯ. ಇರ್ವಿಂಗ್‌ನ ಶಾಟನ್ನು ಅವನು ಹೇಗೂ ನೂರು ಸಲ ನೋಡುತ್ತಾನೆ, ಅಂಗಳದಲ್ಲಿ ಹಾಗೇ ಎಸೆದೂ ನೋಡುತ್ತಾನೆ, ತಡೆಯಬೇಡಿ. ನೀವು ಕೂರಿಸಿ ತೋರಿಸಬೇಕಾದದ್ದು ಅದರ ನಂತರದ ಇಪ್ಪತ್ತು ಚಿಲ್ಲರೆ ಸೆಕೆಂಡ್. ಕಾಮೆಂಟರಿ ಮ್ಯೂಟ್ ಮಾಡಿ. ಒಂದು ನೋಟ್‌ಬುಕ್ ಹಿಡಿದು ಪರದೆಯಲ್ಲಿ ಲವ್‌ನ ಸೊಂಟದಿಂದ ಮೇಲಕ್ಕೆ ಮುಚ್ಚಿ, ಚೆಂಡು ಕಾಣದೆ ಕಾಲು ಮಾತ್ರ ಕಾಣುವ ಹಾಗೆ. ಕರ್ರಿ ಎಸೆದದ್ದು ಯಾವಾಗ ಅಂತ ಲವ್‌ನ ಪಾದ ನೋಡಿಯೇ ಹೇಳು ಅನ್ನಿ. ನನ್ನ ಹುಡುಗರು ಮೊದಲೆರಡು ಸಲ ನಗುತ್ತಾರೆ, ನೋಟ್‌ಬುಕ್ ಪಕ್ಕದಿಂದ ಇಣುಕಲು ನೋಡುತ್ತಾರೆ. ನಾಲ್ಕನೇ ಸಲಕ್ಕೆ ಯಾವನೋ ಒಬ್ಬ ಎದ್ದು ನಿಂತು, ಮಂಡಿ ಬಗ್ಗಿಸಿ ಹಾಗೇ ಸರಿದು ನೋಡಲು ಶುರು ಮಾಡುತ್ತಾನೆ.